ಮಾರ್ಟಿನ್ಸ್ ಕೋವ್‌ನಲ್ಲಿ ಹಿರಿಯ ಮಿಷನರಿಗಳ ಒಂದು ವಾರ: ಗಾಡಿ, ನೀರು, ಮಾತು, ಟ್ರೇಲರ್

ಹೊಳೆದಂಡೆ (ಪ್ರಶ್ನೆ)

ನಮಸ್ಕಾರ. ನಾವು ಯೂಟಾದಲ್ಲಿರುವ ಕನ್ನಡದ ದಂಪತಿ, ವಯಸ್ಸು 66 ಮತ್ತು 63. ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ ಹಿರಿಯ ಮಿಷನರಿಗಳಾಗಿ ವಯೋಮಿಂಗ್‌ನ ಮಾರ್ಟಿನ್ಸ್ ಕೋವ್‌ಗೆ ಹೋಗಲಿದ್ದೇವೆ. 1856ರಲ್ಲಿ ಕೈಗಾಡಿ ಎಳೆದುಕೊಂಡು ಯೂಟಾಕ್ಕೆ ಹೊರಟಿದ್ದ ಈ ಚರ್ಚಿನ ವಲಸಿಗರು ಹಿಮಕ್ಕೆ ಸಿಕ್ಕಿದ ಜಾಗ ಅದು. ಬೇಸಿಗೆಯಲ್ಲಿ ಹುಡುಗ ಹುಡುಗಿಯರ ದೊಡ್ಡ ದೊಡ್ಡ ತಂಡಗಳು ಬಂದು ಗಾಡಿ ಎಳೆಯುತ್ತವೆ, ಅದಕ್ಕೆ ‘ಟ್ರೆಕ್’ ಅನ್ನುತ್ತಾರೆ ಎನ್ನುವಷ್ಟು ಗೊತ್ತು. ಭಾವನೆಯ ಮಾತು ಸಾಕಷ್ಟು ಓದಿದ್ದಾಗಿದೆ. ಬೇಕಾಗಿರುವುದು ಕೆಲಸದ ವಿವರ.

ಒಂದು ವಾರದಲ್ಲಿ ಯಾವ ದಿನ ಯಾವ ಕೆಲಸ ಬೀಳುತ್ತದೆ? ಗಾಡಿಗಳ ದೇಖರೇಖಿಯಲ್ಲಿ ಏನೇನು ನೋಡಬೇಕು? ಆ ಎತ್ತರದಲ್ಲಿ, ಆ ಬಿಸಿಲಿನಲ್ಲಿ ನೂರು ಜನರಿಗೆ ನೀರಿನ ಲೆಕ್ಕ ಹೇಗೆ? ಬಂದವರಿಗೆ ಹತ್ತು ನಿಮಿಷದಲ್ಲಿ ಏನು ಹೇಳಬೇಕು, ಏನು ಹೇಳಬಾರದು? ಟ್ರೇಲರ್‌ನಲ್ಲಿ ತಿಂಗಳುಗಟ್ಟಲೆ ಇರುವುದರ ಕಷ್ಟಗಳನ್ನೂ ತಿಳಿದವರು ಬರೆಯಿರಿ.

ಕಡಾಣಿ

ಮೊದಲು ವಾರದ ವಿಷಯ. ಪಾಳಿ ಪಟ್ಟಿ ಅಲ್ಲಿಯ ಮುಖ್ಯಸ್ಥರ ಕೈಯಲ್ಲಿರುತ್ತದೆ, ಅದೇ ಅಂತಿಮ. ಆದರೂ ವಾರಕ್ಕೊಂದು ಲಯ ಇದೆ. ಚರ್ಚಿನ ತಂಡಗಳು ಭಾನುವಾರ ಗಾಡಿ ಎಳೆಯುವುದಿಲ್ಲ, ಹಾಗಾಗಿ ಅಂದು ಆರಾಧನೆ ಮುಗಿದ ಮೇಲೆ ದಾರಿಹೋಕ ಕುಟುಂಬಗಳಷ್ಟೇ ಬರುತ್ತವೆ. ದೊಡ್ಡ ತಂಡಗಳ ಒತ್ತಡ ವಾರದ ನಡುವಿನ ದಿನಗಳಲ್ಲಿ. ಜೂನ್, ಜುಲೈ ತಿಂಗಳುಗಳೇ ಬಿರುಸಿನ ಕಾಲ. ಜಾಗ ದಿನವೂ ತೆರೆದಿರುವುದರಿಂದ ನಿಮ್ಮ ಬಿಡುವಿನ ದಿನ, ಅಂದರೆ ಬಟ್ಟೆ ಒಗೆದು ಸಾಮಾನು ತರುವ ‘ಪಿ-ಡೇ’, ಎಲ್ಲರಿಗೂ ಒಂದೇ ದಿನ ಬರುವುದಿಲ್ಲ. ದಿನಸಿಗೆ ಕ್ಯಾಸ್ಪರ್‌ಗೇ ಹೋಗಬೇಕು, 220ನೇ ಹೆದ್ದಾರಿಯಲ್ಲಿ ಒಂದು ಕಡೆಗೆ ಸುಮಾರು 90 ಕಿ.ಮೀ. ಪಟ್ಟಿ ಬರೆಯದೆ ಹೊರಟು ಉಪ್ಪು ಮರೆತು ಬಂದರೆ ಮತ್ತೆ 180 ಕಿ.ಮೀ.

ದಿನದ ಕೆಲಸವೆಂದರೆ ಪಾಳಿಯಂತೆ ಸಂದರ್ಶಕರ ಕೇಂದ್ರದಲ್ಲಿ ನಿಲ್ಲುವುದು, ಗಾಡಿ ಕೊಟ್ಟು ತೆಗೆದುಕೊಳ್ಳುವುದು, ಜಾಡಿನಲ್ಲಿ ನಡೆದು ಜನರ ಮೇಲೆ ಕಣ್ಣಿಡುವುದು, ಶಿಬಿರದ ಜಾಗ ಮತ್ತು ಶೌಚಾಲಯ ನೋಡಿಕೊಳ್ಳುವುದು. ಇತಿಹಾಸ ಹೇಳುವುದು ಇದರಲ್ಲಿ ಚಿಕ್ಕ ಪಾಲು.

ಇನ್ನು ಗಾಡಿ. ಎತ್ತಿನ ಗಾಡಿ ಕಂಡವರಿಗೆ ಇದರಲ್ಲಿ ಹೊಸತೇನಿಲ್ಲ. ಗುಂಬ (ಚಕ್ರದ ನಡುಭಾಗ), ಅರೆಕಾಲು (ಚಕ್ರದ ಕಡ್ಡಿಗಳು), ಅರೆಕಾಲುಗಳ ತುದಿಗೆ ಕೂರುವ ಮರದ ಸುತ್ತು, ಅದರ ಮೇಲೆ ಕಬ್ಬಿಣದ ಹಳಿ, ಅಚ್ಚು, ಮುಂದೆ ಎರಡು ಮೂಕಿ (ಎಳೆಯುವ ಉದ್ದ ಮರಗಳು). ನೊಗದ ಬದಲು ಮೂಕಿಗಳ ತುದಿಗೆ ಅಡ್ಡದಂಡ, ಅದರ ಹಿಂದೆ ಇಬ್ಬರು ನಿಂತು ಎದೆಯಿಂದ ತಳ್ಳುತ್ತಾರೆ. ಈಗಿನ ಎಷ್ಟೋ ಗಾಡಿಗಳ ಗುಂಬದಲ್ಲಿ ಬೇರಿಂಗ್ ಇರುತ್ತದೆ. 1856ರ ಗಾಡಿಗೆ ಅದಿರಲಿಲ್ಲ. ಖಾಲಿ ಗಾಡಿ ಸುಮಾರು 60 ಪೌಂಡ್ ಇತ್ತು. ಹಸಿ ಮರದಲ್ಲಿ ಅವಸರವಾಗಿ ಮಾಡಿದ್ದು, ಹೋಗುತ್ತಾ ಹೋಗುತ್ತಾ ಒಣಗಿ ಕುಗ್ಗಿತು. ಕೀಲೆಣ್ಣೆ ಸಾಲದೆ ಹಂದಿ ಕೊಬ್ಬು, ಸೋಪು ಸಹ ಅಚ್ಚಿಗೆ ಬಳಿದರು. ಜಿಡ್ಡಿಗೆ ಮರಳು ಅಂಟಿದರೆ ಅದು ಉಪ್ಪುಕಾಗದದ ಹಾಗೆ ಮರವನ್ನೇ ತಿನ್ನುತ್ತದೆ. ಈ ಪಾಠ ಇಂದಿಗೂ ಚಲಾವಣೆಯಲ್ಲಿದೆ: ಹಳೆಯ ಗ್ರೀಸ್ ಒರೆಸದೆ ಹೊಸದನ್ನು ಹಚ್ಚಬೇಡಿ.

ಬೆಳಿಗ್ಗೆ ಪ್ರತಿ ಗಾಡಿಗೂ ಮೂರು ನಾಲ್ಕು ನಿಮಿಷ ಕೊಡಿ. ಗಾಡಿಯ ಒಂದು ಬದಿ ಎತ್ತಿ ಜಾಕ್ ಅಥವಾ ಮರದ ದಿಮ್ಮಿ ಕೊಟ್ಟು ಚಕ್ರ ತಿರುಗಿಸಿ. ಓಲಾಡುತ್ತಿದೆಯೇ, ಕರಕರ ಅನ್ನುತ್ತಿದೆಯೇ ನೋಡಿ. ಆಮೇಲೆ ಚಕ್ರದ ಮೇಲಂಚು, ಕೆಳಂಚು ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಆಟ ಇದ್ದರೆ ದೋಷ ಬೇರಿಂಗ್‌ನಲ್ಲಿದೆ ಅಥವಾ ಕೊನೆಯ ನಟ್ಟಿನಲ್ಲಿದೆ. ಪ್ರತಿ ಅರೆಕಾಲನ್ನೂ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿಗಿಯಾದದ್ದು ‘ಟಣ್’ ಅನ್ನುತ್ತದೆ, ಸಡಿಲವಾದದ್ದು ‘ಟಪ್’. ಹಳಿ ಮತ್ತು ಮರದ ನಡುವೆ ಉಗುರು ತೂರುವಷ್ಟು ಸಂದು ಕಂಡರೆ, ಅಥವಾ ಹಳಿ ಒಂದು ಪಕ್ಕಕ್ಕೆ ಸರಿದಿದ್ದರೆ, ಆ ಗಾಡಿಯನ್ನು ಅವತ್ತು ಹೊರಗೆ ಬಿಡಬಾರದು. ಹಳಿ ಕಳಚಿದ ಚಕ್ರ ನೂರು ಗಜದೊಳಗೆ ಒಡೆಯುತ್ತದೆ. ಕೊನೆಗೆ ಅಡ್ಡದಂಡದ ಬೋಲ್ಟ್ ನೋಡಿ. ಇಳಿಜಾರಿನಲ್ಲಿ ಇಡೀ ಭಾರ ಬರುವುದು ಅಲ್ಲಿಗೇ. ಮರದಲ್ಲಿ ಸಿಬಿರು ಎದ್ದಿದ್ದರೆ ಉಜ್ಜಿ ತೆಗೆಯಿರಿ. ಹದಿನಾಲ್ಕರ ಹುಡುಗರು ಕೈಗವಸು ಹಾಕಿ ಅಂದರೆ ಹಾಕುವುದಿಲ್ಲ.

ಭಾರ ಹೇರುವಾಗ ತೂಕವೆಲ್ಲ ಅಚ್ಚಿನ ಮೇಲೆ ಬಂದು ಸ್ವಲ್ಪವೇ ಮುಂದಕ್ಕೆ ವಾಲಬೇಕು. ಅಡ್ಡದಂಡ ಎತ್ತಿದಾಗ ಕೈಗೆ ನಾಲ್ಕೈದು ಕೆಜಿ ತಾಕಿದರೆ ಹದ. ಹಿಂದೆ ಭಾರವಾದರೆ ಏರಿನಲ್ಲಿ ದಂಡ ಮೇಲೆ ಹಾರಿ ಹಿಡಿದವರ ಗದ್ದಕ್ಕೆ ಬಡಿಯುತ್ತದೆ. ನೀರಿನ ಕ್ಯಾನು ನಡುವೆ ತಳಕ್ಕೆ ಇರಲಿ, ಹಾಸಿಗೆ ಸುರುಳಿ ಮೇಲಕ್ಕೆ.

ಇಳಿಜಾರಿನ ನಿಯಮಗಳನ್ನು ಹೊರಡುವ ಮುಂಚೆ ಹುಡುಗರ ಬಾಯಿಂದಲೇ ಹೇಳಿಸಿ. ಗಾಡಿಗೆ ಬ್ರೇಕ್ ಇಲ್ಲ. ಹಿಂದೆ ಹಗ್ಗ ಕಟ್ಟಿ ನಾಲ್ವರು ಹಿಡಿದೆಳೆಯಬೇಕು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ದಂಡದೊಳಗಿನ ಇಬ್ಬರನ್ನು ಬಿಟ್ಟು ಯಾರೂ ಚಕ್ರಕ್ಕಿಂತ ಮುಂದೆ ಇರಬಾರದು. ಗಾಡಿಯ ಮೇಲೆ ಯಾರೂ ಕೂರಬಾರದು, ‘ಕಾಲು ನೋವು’ ಅಂದವರೂ ಸಹ. ಒಂದು ಗಾಡಿಗೂ ಇನ್ನೊಂದಕ್ಕೂ ಇಳಿಜಾರಿನಲ್ಲಿ ಕನಿಷ್ಠ ಹತ್ತು ಮೀಟರ್ ಅಂತರ. ಉದ್ದ ಲಂಗದ ಅಂಚು ಪಾದದ ಗಂಟಿಗಿಂತ ಮೇಲಿರಬೇಕು. ನೆಲ ಮುಟ್ಟುವ ಲಂಗ ಅರೆಕಾಲಿಗೆ ಸಿಕ್ಕಿದರೆ ಹುಡುಗಿಯನ್ನೇ ಎಳೆದುಕೊಳ್ಳುತ್ತದೆ. ನಿಲ್ಲಿಸುವಾಗ ಗಾಡಿ ಇಳಿಜಾರಿಗೆ ಅಡ್ಡಲಾಗಿರಲಿ, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ. ಖಾಲಿ ಗಾಡಿಗೆ ಟಾರ್ಪಾಲ್ ಹೊದಿಸಿ ನಿಲ್ಲಿಸಬೇಡಿ, ಅಲ್ಲಿಯ ಗಾಳಿ ಅದನ್ನು ಮಗುಚಿ ಹಾಕುತ್ತದೆ.

ಮರಕ್ಕೆ ವರ್ಷಕ್ಕೊಮ್ಮೆಯಾದರೂ ಕುದಿಸಿದ ಅಗಸೆ ಎಣ್ಣೆ ಕುಡಿಸಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರವಿ ಒಣಗಿಸಿ, ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಬಯಲುಸೀಮೆ

ಅರೆಕಾಲು ಸಡಿಲವಾದರೆ ರಾತ್ರಿಯಿಡೀ ಚಕ್ರವನ್ನು ನೀರಲ್ಲಿ ಹಾಕಿದರೆ ಆಯಿತಲ್ಲ? ನಮ್ಮ ಕಡೆ ಬೇಸಿಗೆಯಲ್ಲಿ ಗಾಡಿಯನ್ನೇ ಕೆರೆಗೆ ಇಳಿಸಿ ಬಿಡುತ್ತಾರೆ. ಬೆಳಿಗ್ಗೆಗೆ ಬಿಗಿ.

ಕಡಾಣಿ

ಬೆಳಿಗ್ಗೆಗೆ ಬಿಗಿ ನಿಜ, ನಾಲ್ಕನೇ ದಿನಕ್ಕೆ ಮೊದಲಿಗಿಂತ ಸಡಿಲ. ನೀರು ಕುಡಿದ ಮರ ಹಿಗ್ಗುತ್ತದೆ, ಆದರೆ ಹಳಿ ಬಿಟ್ಟುಕೊಡುವುದಿಲ್ಲ. ಆಗ ಮರದ ಎಳೆಗಳು ತಮ್ಮಲ್ಲೇ ನಜ್ಜುತ್ತವೆ. ಒಣಗಿದಾಗ ಆ ನಜ್ಜು ಹಿಂದಕ್ಕೆ ಬರುವುದಿಲ್ಲ, ಕುಗ್ಗುವಿಕೆ ಮಾತ್ರ ಉಳಿಯುತ್ತದೆ. ನಮ್ಮ ಕಡೆ ಮಳೆಗಾಲ ಬಂದು ಮರಕ್ಕೆ ತೇವ ವಾಪಸ್ಸು ಸಿಗುತ್ತದೆ. ವಯೋಮಿಂಗ್‌ನ ಒಣಗಾಳಿಯಲ್ಲಿ ಅದು ಸಿಗುವುದಿಲ್ಲ. ಬೇರಿಂಗ್ ಇರುವ ಗುಂಬವನ್ನು ಮುಳುಗಿಸಿದರೆ ಗ್ರೀಸಿಗೆ ನೀರು ಸೇರಿ ತುಕ್ಕು ಬೇರೆ. ಜಾಡಿನ ಮಧ್ಯೆ ಸಿಕ್ಕಿಹಾಕಿಕೊಂಡಾಗ ಶಿಬಿರ ಮುಟ್ಟಲು ಒದ್ದೆ ಗೋಣಿ ಸುತ್ತಿ, ತಪ್ಪಿಲ್ಲ. ಸರಿಯಾದ ರಿಪೇರಿ ಎಂದರೆ ಹಳಿ ಬಿಚ್ಚಿ, ಒಂದಿಷ್ಟು ಕತ್ತರಿಸಿ ಬೆಸೆದು, ಕೆಂಪಗೆ ಕಾಯಿಸಿ ತೊಡಿಸಿ ನೀರೆರಚುವುದು. ಅದು ಚಕ್ರದ ಕಸುಬು ಬಲ್ಲವರ ಕೆಲಸ, ಸ್ವಯಂಸೇವಕರದಲ್ಲ. ನಿಮ್ಮ ಕೆಲಸ ಆ ಗಾಡಿಗೆ ಕೆಂಪು ಬಟ್ಟೆ ಕಟ್ಟಿ ಪಕ್ಕಕ್ಕಿಡುವುದು.

ಒಣಗಾಳಿ

ನೀರು ಮತ್ತು ಹವೆಯ ಬಗ್ಗೆ ನಾನು ಬರೆಯುತ್ತೇನೆ.

ಜಾಗದ ಎತ್ತರ ಸುಮಾರು 1,800 ಮೀಟರ್. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಹೆಚ್ಚುಕಮ್ಮಿ ಅಷ್ಟೇ ಅನ್ನಿ. ಆದರೆ ಮುಳ್ಳಯ್ಯನಗಿರಿಯ ಮಂಜು, ತೇವ ಇಲ್ಲಿಲ್ಲ. ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ, ಹಾಗಾಗಿ ಜನ ‘ನನಗೆ ಬಾಯಾರಿಕೆಯೇ ಇಲ್ಲ’ ಎಂದುಕೊಂಡು ಕುಡಿಯುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ಜುಲೈ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ, ಅದೇ ರಾತ್ರಿ ಸ್ವೆಟರ್ ಬೇಕು. ಜೂನ್ ಮೊದಲ ವಾರಗಳಲ್ಲಿ ಹಿಮ ಬಿದ್ದರೂ ಆಶ್ಚರ್ಯಪಡಬೇಡಿ.

ಲೆಕ್ಕ ಹೀಗೆ: ನಡೆಯುವಾಗ ತಲೆಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಕೋವ್‌ಗೆ (ಬಂಡೆಗುಡ್ಡದ ಮರೆಯ ಜಾಗ) ಸಂದರ್ಶಕರ ಕೇಂದ್ರದಿಂದ ಹೋಗಿ ಬರುವುದು ಸುಮಾರು 8 ಕಿ.ಮೀ., ತಂಡ ದೊಡ್ಡದಾದರೆ ಮೂರು ಗಂಟೆ ಹಿಡಿಯುತ್ತದೆ. ತಲೆಗೆ 2 ಲೀಟರ್ ಅಂತಿಟ್ಟುಕೊಂಡರೆ ನೂರು ಜನರಿಗೆ 200 ಲೀಟರ್, ಅಂದರೆ 20 ಲೀಟರಿನ ಹತ್ತು ಕ್ಯಾನು, 200 ಕೆಜಿ. ಇದನ್ನು ಹತ್ತು ಗಾಡಿಗೆ ಹಂಚಿದರೆ ಗಾಡಿಗೊಂದು ಕ್ಯಾನು. ಎಲ್ಲವನ್ನೂ ‘ನೀರಿನ ಗಾಡಿ’ ಅಂತ ಒಂದಕ್ಕೇ ಹೇರುವ ತಂಡಗಳಿವೆ. ಆ ಗಾಡಿ ಹಿಂದೆ ಬೀಳುತ್ತದೆ, ಮುಂದಿನವರಿಗೆ ನೀರಿಲ್ಲ.

ನೀರಷ್ಟೇ ಸುರಿದುಕೊಂಡರೂ ಅಪಾಯವೇ. ಉಪ್ಪಿಲ್ಲದೆ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ನೋಡಲು ಬಿಸಿಲ ಹೊಡೆತದಂತೆಯೇ ಕಾಣುತ್ತದೆ, ಆಗ ಇನ್ನಷ್ಟು ನೀರು ಕುಡಿಸಿಬಿಡುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ: ‘ಎಷ್ಟು ಕುಡಿದೆ, ಏನು ತಿಂದೆ, ಯಾವಾಗ ಮೂತ್ರಕ್ಕೆ ಹೋದೆ?’ ತಂಡದ ನಾಯಕರ ಚೀಲದಲ್ಲಿ ಉಪ್ಪಿನ ಬಿಸ್ಕತ್ತು, ಓಆರ್‌ಎಸ್ ಇರಲೇಬೇಕು. ಗೊಂದಲದಲ್ಲಿ ಮಾತಾಡುತ್ತಿದ್ದರೆ, ಮೈ ಕಾದಿದ್ದರೆ ನೆರಳಿಗೆ ತಂದು ನೀರೆರಚಿ ಗಾಳಿ ಬೀಸುತ್ತಲೇ ರೇಡಿಯೊದಲ್ಲಿ ಸುದ್ದಿ ಕೊಡಿ. ಫೋನ್ ಸಿಗ್ನಲ್ ನಂಬಬೇಡಿ. ದೊಡ್ಡ ಆಸ್ಪತ್ರೆ ಇರುವುದು ಕ್ಯಾಸ್ಪರ್‌ನಲ್ಲಿ. ದೂರ ಎಷ್ಟೆಂದು ಮೇಲೆ ಬರೆದಿದ್ದಾರೆ.

ಮಧ್ಯಾಹ್ನದ ಗುಡುಗು. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ನಡಿಗೆ ನಿಲ್ಲಿಸಿ. ಗಾಡಿ ಬಿಟ್ಟು ದೂರ ಹೋಗಿ, ಹಳಿ ಕಬ್ಬಿಣದ್ದು. ದಿಬ್ಬದಿಂದ ಇಳಿದು, ಒಂಟಿ ಮರ ಬಿಟ್ಟು, ಜನ ಚದುರಿ ಕುಕ್ಕರುಗಾಲಲ್ಲಿ ಕೂರಲಿ. ಹತ್ತಿರದಲ್ಲಿ ಬಸ್ಸು ಅಥವಾ ಕಟ್ಟಡ ಇದ್ದರೆ ಅದೇ ಮೊದಲ ಆಯ್ಕೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆದ ಮೇಲೆಯೇ ಮತ್ತೆ ಹೊರಡುವುದು. ಹುಡುಗರು ಹಳೆ ಕಾಲದ ಉಡುಪೆಂದು ಹತ್ತಿ ಬಟ್ಟೆ ತೊಟ್ಟಿರುತ್ತಾರೆ. ಅದು ನೆನೆದು ಗಾಳಿ ಬೀಸಿದರೆ ಜುಲೈನಲ್ಲೂ ಮೈ ಅದುರುತ್ತದೆ. ಗಾಡಿಯಲ್ಲಿ ತಲೆಗೊಂದು ಮಳೆಕೋಟು ಇದೆಯೇ ಎಂದು ಹೊರಡುವಾಗ ಎಣಿಸಿ, ‘ಇದೆ’ ಎಂಬ ಮಾತು ಕೇಳಿ ಬಿಡಬೇಡಿ.

ಬಾಲದಲ್ಲಿ ಗಿಲಕಿಯಂತೆ ಸದ್ದು ಮಾಡುವ ವಿಷದ ಗಿಲಕಿಹಾವು ಇದೆ. ಬಂಡೆಯ ಸಂದಿಗೆ ಕೈ ಹಾಕಬಾರದು, ಕಲ್ಲಿನ ಮೇಲೆ ಕೂರುವ ಮೊದಲು ಸುತ್ತ ನೋಡಬೇಕು. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಐಸ್ ಇಡಬೇಡಿ. ಉಂಗುರ, ವಾಚು, ಬೂಟು ಬಿಚ್ಚಿ, ನಡೆಸದೆ ವಾಹನಕ್ಕೆ ಒಯ್ಯಿರಿ. ಉಣ್ಣಿ ಹೆಚ್ಚು ಕಾಣುವುದು ಬೇಸಿಗೆಯ ಆರಂಭದಲ್ಲಿ. ಸಂಜೆ ಸಾಕ್ಸಿನ ಅಂಚು, ಮೊಣಕಾಲ ಹಿಂಭಾಗ, ಕೂದಲ ಬುಡ ನೋಡಿಕೊಳ್ಳಿ.

ಹೊಳೆದಂಡೆ

ತುಂಬ ಉಪಯೋಗವಾಯಿತು. ಇತಿಹಾಸದ ಮಾತಿನ ಬಗ್ಗೆ ಯಾರಾದರೂ? ಭಾರತೀಯ ಕುಟುಂಬಗಳು ಬಂದರೆ ಅವರಿಗೆ ಹೇಳುವಂಥದ್ದು ಏನಾದರೂ ಇದೆಯೇ?

ಹಳೆಜಾಡು

ಇದೆ. ಅದಕ್ಕಿಂತ ಮೊದಲು ಮುಖ್ಯ ಎಲುಬುಗಳು, ಇಷ್ಟು ಬಾಯಿಪಾಠ ಇದ್ದರೆ ಹತ್ತು ನಿಮಿಷಕ್ಕೆ ಸಾಕು.

1856ರಿಂದ 1860ರವರೆಗೆ ಒಟ್ಟು 10 ಕೈಗಾಡಿ ತಂಡಗಳು, ಸುಮಾರು 3,000 ಜನ. ಇವುಗಳಲ್ಲಿ ಮಹಾ ಅನಾಹುತ ಆದದ್ದು 1856ರ ಕೊನೆಯ ಎರಡಕ್ಕೆ, ಜೇಮ್ಸ್ ವಿಲ್ಲಿ ಮತ್ತು ಎಡ್ವರ್ಡ್ ಮಾರ್ಟಿನ್ ಮುಂದಾಳುಗಳಾಗಿದ್ದ ತಂಡಗಳಿಗೆ. ಉಳಿದ 8 ತಂಡಗಳು ಕಷ್ಟಪಟ್ಟರೂ ಯೂಟಾದ ಸಾಲ್ಟ್ ಲೇಕ್ ಮುಟ್ಟಿದವು. ಇದನ್ನು ಹೇಳದಿದ್ದರೆ ಕೈಗಾಡಿ ಎಂದರೆ ಸಾವು ಎಂಬ ಭಾವನೆ ಬರುತ್ತದೆ. ಅದು ಚಿತ್ರವನ್ನು ಓರೆ ಮಾಡುತ್ತದೆ.

ತಡವೇ ಅನಾಹುತದ ಮೂಲ. ಲಿವರ್‌ಪೂಲ್‌ನಿಂದ ಹಡಗು ಬಿಟ್ಟದ್ದೇ ಮೇ ತಿಂಗಳಲ್ಲಿ. ರೈಲು ಹಳಿ ಮುಗಿಯುತ್ತಿದ್ದ ಅಯೋವಾ ಸಿಟಿಗೆ ಬಂದರೆ ಗಾಡಿಗಳು ಸಿದ್ಧ ಇಲ್ಲ. ವಿಲ್ಲಿ ತಂಡ ಜುಲೈ ಮಧ್ಯದಲ್ಲಿ, ಮಾರ್ಟಿನ್ ತಂಡ ಜುಲೈ ಕೊನೆಗೆ ಹೊರಟಿತು. ದೊಡ್ಡವರಿಗೆ ತಲೆಗೆ 17 ಪೌಂಡ್ ಸಾಮಾನು, ಗಾಡಿಗೆ ಐವರು, ಒಂದು ಡೇರೆಗೆ ಇಪ್ಪತ್ತು ಜನ. ಅಕ್ಟೋಬರ್ 19ರಂದು ಹಿಮಗಾಳಿ ಎದ್ದಿತು. ಅದೇ ದಿನ ಮಾರ್ಟಿನ್ ತಂಡ ಇಂದಿನ ಕ್ಯಾಸ್ಪರ್ ಹತ್ತಿರ ನಾರ್ತ್ ಪ್ಲಾಟ್ ನದಿ ದಾಟಿತು. ಇತ್ತ ಸಾಲ್ಟ್ ಲೇಕ್‌ನಲ್ಲಿ ಚರ್ಚಿನ ಅಂದಿನ ಮುಖ್ಯಸ್ಥ ಬ್ರಿಗಮ್ ಯಂಗ್ ಅಕ್ಟೋಬರ್ 5ರಂದು ಸಹಾಯಕ್ಕೆ ಕರೆ ಕೊಟ್ಟಿದ್ದರು, ಮೊದಲ ಬಂಡಿಗಳು 7ರಂದೇ ಹೊರಟಿದ್ದವು. ಹಿಮಕ್ಕೆ ಮುಂಚೆಯೇ ಹೊರಟದ್ದರಿಂದಲೇ ಇಷ್ಟಾದರೂ ಜನ ಉಳಿದರು. ಮಾರ್ಟಿನ್ ತಂಡ ನವೆಂಬರ್ 4ರಿಂದ 9ರವರೆಗೆ ಬಂಡೆಗಳ ಮರೆಯಲ್ಲಿ ತಂಗಿತು, ಸಾಲ್ಟ್ ಲೇಕ್ ಮುಟ್ಟಿದ್ದು ನವೆಂಬರ್ 30ಕ್ಕೆ. ವಿಲ್ಲಿ ತಂಡ ಮುಟ್ಟಿದ್ದು ನವೆಂಬರ್ 9ಕ್ಕೆ. ಎರಡೂ ತಂಡ ಸೇರಿ ಸತ್ತವರು 200ಕ್ಕೂ ಮೇಲೆ. ಕೋವ್ ಒಂದರಲ್ಲೇ ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ಅಂಕಿ ಕೊಡಲು ಹೋಗಬೇಡಿ. ತಂಗಿದ ಜಾಗ ನಿಖರವಾಗಿ ಇದೇನಾ ಎಂಬ ಬಗ್ಗೆಯೂ ಇತಿಹಾಸಕಾರರಲ್ಲಿ ಚರ್ಚೆ ಇದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಈಗ ಹೇಳಬಾರದ್ದು. ‘18 ವರ್ಷದ ಮೂವರು ಹುಡುಗರು ಇಡೀ ತಂಡವನ್ನು ಸ್ವೀಟ್‌ವಾಟರ್ ಹೊಳೆ ದಾಟಿಸಿದರು, ಆ ಚಳಿಯಿಂದಲೇ ಮೂವರೂ ಸತ್ತರು’ ಎಂಬ ಕಥೆ ಎಲ್ಲೆಲ್ಲೂ ಕೇಳುತ್ತೀರಿ. ದಾಖಲೆ ನೋಡಿದರೆ ಹೊಳೆಗಿಳಿದವರು ಮೂವರಿಗಿಂತ ಹೆಚ್ಚು, ಎಲ್ಲರೂ 18ರವರಲ್ಲ, ಎಲ್ಲರನ್ನೂ ಹೊತ್ತೇ ದಾಟಿಸಲಿಲ್ಲ, ಹೊತ್ತವರು ಅದರಿಂದಲೇ ಸಾಯಲೂ ಇಲ್ಲ. ಅಲೆನ್ ಹಂಟಿಂಗ್ಟನ್, ಜಾರ್ಜ್ ಗ್ರಾಂಟ್, ಡೇವಿಡ್ ಕಿಂಬಲ್, ಸ್ಟೀಫನ್ ಟೇಲರ್ ಎಂಬ ಹೆಸರುಗಳು ಸಿಗುತ್ತವೆ. ಹಿಮದ ನೀರಿಗೆ ಇಳಿದದ್ದೇ ಸಾಲದೇ? ಅದಕ್ಕೆ ಮೇಲೆ ಸಾವನ್ನು ಅಂಟಿಸುವುದು ಯಾಕೋ.

ಇನ್ನೊಂದು ‘ಹೆಂಗಸರ ಏರು’. ಟ್ರೆಕ್‌ನಲ್ಲಿ ಗಂಡಸರನ್ನು ಪಕ್ಕಕ್ಕೆ ನಿಲ್ಲಿಸಿ ಹುಡುಗಿಯರಷ್ಟೇ ಗಾಡಿ ಏರಿಸುವ ಪದ್ಧತಿ. ಅದಕ್ಕೆ ಕೊಡುವ ಕಾರಣ ಮಾರ್ಮನ್ (ಈ ಚರ್ಚಿನವರ ರೂಢಿಯ ಹೆಸರು) ಬೆಟಾಲಿಯನ್, ಅಂದರೆ ಗಂಡಸರು ಸೈನ್ಯಕ್ಕೆ ಹೋದದ್ದು. ಅದು 1846ರ ಮಾತು, ಕೈಗಾಡಿಗೆ ಹತ್ತು ವರ್ಷ ಮೊದಲು. ತಂಡದವರು ಮಾಡುವುದಾದರೆ ಮಾಡಲಿ, ‘1856ರಲ್ಲಿ ಇಲ್ಲಿ ಹೀಗೇ ನಡೆಯಿತು’ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಗಂಡನನ್ನು ದಾರಿಯಲ್ಲಿ ಮಣ್ಣು ಮಾಡಿ ಗಾಡಿ ಎಳೆದ ಹೆಂಗಸರು ಎರಡೂ ತಂಡಗಳಲ್ಲಿ ನಿಜವಾಗಿಯೇ ಇದ್ದರು. ಅವರ ಕಥೆ ಹೇಳಬಹುದು.

ಭಾರತದ ನಂಟು: ವಿಲ್ಲಿ ತಂಡದಲ್ಲಿ ಭಾರತದಲ್ಲೇ ಹುಟ್ಟಿದ ಎಲಿಜಬೆತ್ ಜೇವಿಯರ್ ಟೇಟ್ ಎಂಬಾಕೆ ಇದ್ದರು, ವಿಲಿಯಂ ಟೇಟ್ ಎಂಬ ಸೈನಿಕನ ಹೆಂಡತಿ. ಬದುಕಿ ಉಳಿದು ಯೂಟಾದ ದಕ್ಷಿಣದ ಸೀಡರ್ ಸಿಟಿಯಲ್ಲಿ ನೆಲೆಸಿದರು. ಭಾರತದಿಂದ ಇಂಗ್ಲೆಂಡ್, ಅಲ್ಲಿಂದ ಹಡಗು, ಆಮೇಲೆ ಕೈಗಾಡಿ. ನಮ್ಮವರು ಬಂದಾಗ ಹೇಳಬೇಕಾದ ಹೆಸರು ಇದು. ಆಕೆಯ ಸುತ್ತ ಬಣ್ಣದ ಕಥೆಗಳೂ ಬೆಳೆದಿವೆ, ಅವುಗಳಿಗೆ ಕೈ ಹಾಕಬೇಡಿ. ಬೆಂಗಳೂರಿನವರು ಬಂದರೆ ಅಲ್ಲಿಯ ನಮ್ಮ ಚರ್ಚಿನ ದೇವಾಲಯದ (ಟೆಂಪಲ್) ಮಾತು ತಾನಾಗಿಯೇ ಬರುತ್ತದೆ: ಘೋಷಣೆ 2018ರ ಏಪ್ರಿಲ್‌ನಲ್ಲಿ, ಭೂಮಿಪೂಜೆಗೆ ಸಮನಾದ ನೆಲ ಅಗೆಯುವ ಕಾರ್ಯಕ್ರಮ 2020ರ ಡಿಸೆಂಬರ್‌ನಲ್ಲಿ.

ಕಡೆಯದಾಗಿ ನೆಲದ ವಿಷಯ. ಸಂದರ್ಶಕರ ಕೇಂದ್ರ ಇರುವ ಹಳೆಯ ಸನ್ ರ‍್ಯಾಂಚ್ ಚರ್ಚಿನದು, 1990ರ ದಶಕದಲ್ಲಿ ಕೊಂಡದ್ದು. ಕೋವ್ ಇರುವ ನೆಲ ಫೆಡರಲ್ ಸರ್ಕಾರದ್ದು, ಚರ್ಚು ಗುತ್ತಿಗೆಗೆ ಪಡೆದದ್ದು. ಈ ಬಗ್ಗೆ 2005ರಲ್ಲಿ ಮೊಕದ್ದಮೆ ಆಗಿ 2006ರಲ್ಲಿ ರಾಜಿಯಾಯಿತು. ಆದ್ದರಿಂದ ಧರ್ಮದ ಮಾತು ಬೇಡ, ಸುಮ್ಮನೆ ನಡೆದು ಬರುತ್ತೇವೆ ಅಂದವರಿಗೆ ದಾರಿ ತೋರಿಸಿ, ನೀರಿನ ಬಾಟಲಿ ಇದೆಯೇ ಕೇಳಿ, ಬಿಟ್ಟುಬಿಡಿ. ಅವರಲ್ಲಿ ಎಷ್ಟೋ ಜನ ಬರುವುದು ಪಶ್ಚಿಮಕ್ಕೆ ವಲಸೆ ಹೋದವರ ಒರೆಗಾನ್, ಕ್ಯಾಲಿಫೋರ್ನಿಯಾ ಜಾಡುಗಳಿಗಾಗಿ. ಆ ಎರಡೂ ಇಲ್ಲೇ ಹಾದುಹೋಗಿವೆ, ಕುದುರೆ ಅಂಚೆಯಾದ ಪೋನಿ ಎಕ್ಸ್‌ಪ್ರೆಸ್ ಕೂಡ. ಡೆವಿಲ್ಸ್ ಗೇಟ್ ಕಂದರವನ್ನು ತೋರಿಸಿ ‘ಗಾಡಿಗಳು ಇದರೊಳಗೇ ಹೋದವು’ ಎನ್ನಬೇಡಿ. ನೂರು ಮೀಟರಿಗೂ ಆಳದ ಆ ಸೀಳಿನಲ್ಲಿ ಹೊಳೆಗಷ್ಟೇ ಜಾಗ, ಗಾಡಿಗಳು ಪಕ್ಕದ ಕಣಿವೆಯಿಂದ ಸುತ್ತಿ ಬಂದವು. ಕೋವ್‌ನ ಒಳಗೆ ಗಾಡಿ ಒಯ್ಯುವಂತಿಲ್ಲ, ಕೆಳಗೆ ನಿಲ್ಲಿಸಿ ನಡೆಯಬೇಕು. ಮೊಳೆಯ ಚೂರು, ಮೂಳೆ, ತುಕ್ಕು ಹಿಡಿದ ತಗಡು ಏನೇ ಸಿಕ್ಕರೂ ಮುಟ್ಟದೆ, ಜಾಗ ಗುರುತು ಮಾಡಿ ತಿಳಿಸಬೇಕು. ಹುಡುಗರು ಕಲ್ಲು ಪೇರಿಸಿ ‘ಸಮಾಧಿ’ ಮಾಡಿದ್ದರೆ ಅಂದೇ ಬಿಚ್ಚಿಸಿ. ವಾರ ಕಳೆದರೆ ಅದನ್ನೇ ನಿಜವಾದ ಸಮಾಧಿ ಎಂದು ಫೋಟೊ ತೆಗೆಯುತ್ತಾರೆ.

ಬಯಲುಸೀಮೆ

ಹತ್ತು ನಿಮಿಷ ಜಾಸ್ತಿ ಆಯಿತು ಸಾರ್. ಬಿಸಿಲಲ್ಲಿ ನಿಂತ ಮಕ್ಕಳಿಗೆ ನಾಲ್ಕು ನಿಮಿಷ. ಉಳಿದದ್ದು ಕೇಳಿದವರಿಗೆ.

ಹಳೆಜಾಡು

ಒಪ್ಪಿದೆ. ನಾಲ್ಕು ನಿಮಿಷವಾದರೆ ತಡ ಯಾಕಾಯಿತು, ಅಕ್ಟೋಬರ್ 5, 7 ಮತ್ತು 19 ಈ ಮೂರು ದಿನಾಂಕ, ನವೆಂಬರ್ 4ರಿಂದ 9. ಅಷ್ಟೇ ಹೇಳಿ. ನೆರಳಿಗೆ ಕರೆತಂದು ಹೇಳಿ.

ಒಲೆಬದಿ

ಟ್ರೇಲರ್ ಮತ್ತು ಶೌಚಾಲಯದ ಬಗ್ಗೆ ಯಾರೂ ಬರೆಯಲಿಲ್ಲ. ಮೇಡಂ, ನಿಮ್ಮ ವಾರದಲ್ಲಿ ಇತಿಹಾಸಕ್ಕಿಂತ ಹೆಚ್ಚು ಹೊತ್ತು ಹೋಗುವುದು ಇದಕ್ಕೆ.

ಬಯಲಿನ ಗುಂಡಿ ಶೌಚಾಲಯ ವಾಸನೆ ಬರದಂತೆ ಕೆಲಸ ಮಾಡುವುದು ಕಪ್ಪು ಕೊಳವೆಯಿಂದ. ಬಿಸಿಲಿಗೆ ಕೊಳವೆ ಕಾದು ಒಳಗಿನ ಗಾಳಿ ಮೇಲಕ್ಕೆ ಹೋಗುತ್ತದೆ, ಕೊಠಡಿಯ ಗಾಳಿ ಗುಂಡಿಗೆ ಇಳಿಯುತ್ತದೆ. ‘ಗಾಳಿಯಾಡಲಿ’ ಎಂದು ಬಾಗಿಲನ್ನು ಹಾರು ಹೊಡೆದಿಟ್ಟರೆ ಈ ಸೆಳೆತ ಕೆಟ್ಟು ವಾಸನೆ ಒಳಗೇ ನಿಲ್ಲುತ್ತದೆ. ಮುಚ್ಚಳ ಮುಚ್ಚಿ, ಬಾಗಿಲು ಮುಚ್ಚಿ. ಗುಂಡಿಗೆ ಬ್ಲೀಚ್ ಸುರಿಯಲೇಬೇಡಿ, ಮೂತ್ರದ ಅಮೋನಿಯಕ್ಕೆ ಸೇರಿ ವಿಷಗಾಳಿ ಏಳುತ್ತದೆ. ನೆಲ, ಆಸನ ಒರೆಸಲು ಸೋಪು ನೀರು ಸಾಕು. ಒದ್ದೆ ಟಿಶ್ಯೂ, ಡೈಪರ್, ಬಾಟಲಿ ಒಳಗೆ ಬಿದ್ದರೆ ಹೀರುವ ಲಾರಿಯ ಪೈಪು ಕಟ್ಟಿಕೊಳ್ಳುತ್ತದೆ. ಹಾಗಾಗಿ ಕಸದ ಬುಟ್ಟಿ ಕಣ್ಣೆದುರೇ ಇಡಿ. ಸೂಚನಾ ಫಲಕ ಯಾರೂ ಓದುವುದಿಲ್ಲ.

ಟ್ರೇಲರ್‌ನ ಮುಖ್ಯ ಶತ್ರು ಗಾಳಿ. ಬಿಸಿಲ ಮರೆಯ ಬಟ್ಟೆಯನ್ನು ಹರಡಿಟ್ಟು ಪಾಳಿಗೆ ಹೋಗಬೇಡಿ, ಬರುವಷ್ಟರಲ್ಲಿ ಅದರ ಕೈಗಳು ಡೊಂಕಾಗಿರುತ್ತವೆ. ಋತುವಿನ ಎರಡು ತುದಿಯಲ್ಲೂ ರಾತ್ರಿ ನೀರು ಹೆಪ್ಪುಗಟ್ಟುವುದುಂಟು. ಹೊರಗಿನ ನೀರಿನ ಪೈಪನ್ನು ಸಂಜೆ ಕಳಚಿ ಬಸಿದು, ಒಳಗಿನ ತೊಟ್ಟಿಯಿಂದ ಬಳಸಿ. ಕರಿ ನೀರಿನ (ಶೌಚದ ಕೊಳೆ ನೀರಿನ) ತೊಟ್ಟಿಯ ಕವಾಟ ಸದಾ ತೆರೆದಿಟ್ಟರೆ ದ್ರವ ಹರಿದುಹೋಗಿ ಗಟ್ಟಿ ಉಳಿಯುತ್ತದೆ. ಮುಕ್ಕಾಲು ತುಂಬಿದ ಮೇಲೆ ಒಮ್ಮೆಗೇ ಬಿಡಿ, ಹಿಂದೆಯೇ ಸ್ನಾನದ ನೀರು ಬಿಟ್ಟರೆ ಪೈಪು ತೊಳೆದುಕೊಳ್ಳುತ್ತದೆ.

ಅಡುಗೆಯಲ್ಲಿ ಒಂದು ಬದಲಾವಣೆ: ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಲು ಹೊರಟರೆ ಗ್ಯಾಸ್ ಮುಗಿದೀತು. ಕುಕ್ಕರ್ ಒಯ್ಯಿರಿ, ಒಂದೆರಡು ಸೀಟಿ ಜಾಸ್ತಿ ಹಾಕಿ. ಬೇಳೆ, ಅಕ್ಕಿ, ಸಾರಿನ ಪುಡಿ, ಹುಣಸೆ ತಿಂಗಳಿಗಾಗುವಷ್ಟು ಮೊದಲೇ ತುಂಬಿಕೊಳ್ಳಿ. ಎಲ್ಲವೂ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ, ಯಾಕೆಂದರೆ ಇಲಿ.

ಇಲಿಯ ಮಾತು ಹಗುರವಲ್ಲ. ಆ ಭಾಗದ ಬಿಳಿಹೊಟ್ಟೆಯ ಚಿಕ್ಕ ಇಲಿ ಶ್ವಾಸಕೋಶಕ್ಕೆ ಮಾರಕವಾಗಬಲ್ಲ ಹಂಟಾವೈರಸ್ ಹೊತ್ತಿರಬಹುದು. ತಿಂಗಳುಗಟ್ಟಲೆ ಮುಚ್ಚಿದ್ದ ಟ್ರೇಲರ್, ಗಾಡಿಯ ಶೆಡ್ಡು ತೆರೆದಾಗ ಮೊದಲು ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಹೊರಗಿರಿ. ಹಿಕ್ಕೆ ಕಂಡರೆ ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಧೂಳಿನ ಜೊತೆ ವೈರಸ್ ಏಳುತ್ತದೆ. ಕೈಗವಸು ತೊಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಚೆನ್ನಾಗಿ ನೆನೆಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು ಕಾಗದದಲ್ಲಿ ಒರೆಸಿ ಚೀಲಕ್ಕೆ ಕಟ್ಟಿ. ಈ ಬ್ಲೀಚ್ ಡಬ್ಬಿಯನ್ನು ಶೌಚಾಲಯದ ಸಾಮಾನಿನ ಜೊತೆ ಮಾತ್ರ ಇಡಬೇಡಿ, ಕಾರಣ ಮೇಲೆ ಬರೆದಿದೆ.

ಹೊಳೆದಂಡೆ

ಎಲ್ಲರಿಗೂ ವಂದನೆ. ಒಂದೇ ಪ್ರಶ್ನೆ ಉಳಿದಿದೆ: ಮೊಣಕಾಲು ನೋವಿದ್ದರೆ ಜಾಡಿನ ಪಾಳಿ ತಪ್ಪಿಸಬಹುದೇ?

ಕಡಾಣಿ

ತಪ್ಪಿಸಬೇಕು. ಮೊದಲ ದಿನವೇ ಮುಖ್ಯಸ್ಥರಿಗೆ ನೇರವಾಗಿ ಹೇಳಿ. ಗಾಡಿ ಕೊಡುವ ಜಾಗದಲ್ಲಿ ಎಣಿಕೆ ಹಿಡಿಯಲು ಒಬ್ಬರು ಯಾವಾಗಲೂ ಬೇಕು: ಹೋದ ತಲೆ ಎಷ್ಟು, ಬಂದ ತಲೆ ಎಷ್ಟು, ಗಾಡಿ ನಂಬರ್ ಯಾವುದು, ಹೊರಟ ಹೊತ್ತು ಎಷ್ಟು. ಕುಳಿತು ಮಾಡುವ ಕೆಲಸ, ಆದರೆ ಸಂಜೆ ಒಂದು ತಲೆ ಕಡಿಮೆ ಬಂದಾಗ ಎಲ್ಲರೂ ಓಡಿ ಬರುವುದು ಆ ಪುಸ್ತಕದ ಹತ್ತಿರಕ್ಕೇ. ಪೆನ್ಸಿಲ್‌ನಲ್ಲಿ ಬರೆಯಿರಿ, ಬೆಳಗಿನ ಚಳಿಗೆ ಬಾಲ್‌ಪೆನ್ ಕೈಕೊಡುತ್ತದೆ.